ಗ್ರಹಗತಿಯ ರಹಸ್ಯವನ್ನು ಅರಸಿದ ಕೆಪ್ಲರ್

ಇಂಥ ಗ್ರಹವು ಇಂಥ ದಿನ ಇಂಥ ರಾಶಿಯ ಇಷ್ಟನೆಯ ಅಂಶದಲ್ಲಿರುವುದೆಂದು ಗಣಿಸಿ ಹೇಳುವುದು ಒಂದು ಕಾರ್ಯ. ಅದು ಅಲ್ಲಿಯೇ ಏಕಿರಬೇಕು, ಅದನ್ನು ಹಾಗೆ ನಡೆಸುವುದು ಯಾವುದು ಎಂದು ಪ್ರಶ್ನಿಸುವುದು ಬೇರೆಯೇ ಒಂದು ಕಾರ್ಯ. ಮೊದಲನೆಯದನ್ನು ಗಣಿತಜ್ಞರಿಗೂ ಎರಡನೆಯದನ್ನು ದಾರ್ಶನಿಕರಿಗೂ ಹಂಚಿಕೊಟ್ಟು ಯೂರೋಪ್ ಖಂಡದ ವಿದ್ವಾಂಸರು ಬಹುಕಾಲ ನಿಶ್ಚಿಂತರಾಗಿದ್ದರು. ಗಣಿತಜ್ಞನು ವೃತ್ತದ ಮೇಲೆ ವೃತ್ತವನ್ನಿರಿಸಿ ಗ್ರಹದ ಸ್ಥಾನವನ್ನು ಹೇಳಿದರೆ ಸಾಕಾಗಿತ್ತು. ಆ ವೃತ್ತಗಳು ಆಕಾಶದಲ್ಲಿ ನಿಜವಾಗಿಯೂ ಇವೆಯೇ ಎಂದು ಅವನನ್ನು ಕೇಳುವವರು ವಿರಳ. ಈ ಎರಡು ಕಾರ್ಯಗಳನ್ನೂ ಒಬ್ಬನೇ ಕೈಗೊಂಡು, ಒಂದರಲ್ಲಿ ದೊರೆತುದನ್ನು ಇನ್ನೊಂದರಿಂದ ಪರೀಕ್ಷಿಸಿದವನು ಯೋಹಾನ್ನೆಸ್ ಕೆಪ್ಲರ್. ಅವನ ಮೂರು ನಿಯಮಗಳನ್ನು ಶಾಲೆಯಲ್ಲಿ ಕಲಿತವರು ನಮ್ಮ ವಾಚಕರಲ್ಲಿ ಅನೇಕರಿರುವರು. ಆ ನಿಯಮಗಳಿಗಾಗಿ ಅವನು ಪಟ್ಟ ಪಾಡು ಮಾತ್ರ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ಆದುದರಿಂದ ಅವನ ಜೀವನವೃತ್ತಾಂತವನ್ನು ಇಲ್ಲಿ ನಿರೂಪಿಸುತ್ತೇವೆ.

ಕೆಪ್ಲರನು ಜನಿಸಿದ್ದು 1571ನೆಯ ಇಸವಿ ಡಿಸೆಂಬರ್ 27ರಂದು, ಈಗಿನ ಜರ್ಮನಿಯ ನೈಋತ್ಯ ಭಾಗದಲ್ಲಿರುವ ವೈಲ್ ಡೆರ್ ಶ್ಟಾಟ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಹೈನ್ರಿಖ್ ಕೂಲಿಯ ಸೈನಿಕ. ಸಂಬಳ ಕೊಟ್ಟವರ ಪರವಾಗಿ ಯುದ್ಧಕ್ಕೆ ಹೋಗುವವನು. ಹೀಗೆ ಹೋಗಿ ಬಂದು ಮಾಡುತ್ತಿದ್ದವನು ಕೊನೆಗೊಮ್ಮೆ ಹೋಗಿ ಹಿಂದಿರುಗಲೇ ಇಲ್ಲ. ತಾಯಿ ಕತಾರೀನಾ ವಸತಿಗೃಹವನ್ನು ನಡೆಸುತ್ತಿದ್ದವನ ಮಗಳು. ಗಿಡಮೂಲಿಕೆಗಳ ಗುಣವನ್ನು ಬಲ್ಲವಳು, ನೆರೆಹೊರೆಯವರಿಗೆ ಔಷಧ ಮಾಡಿಕೊಡುತ್ತಿದ್ದವಳು. ಈ ಔಷಧಜ್ಞಾನವೇ ಮುಂದೆ ಆಕೆಗೆ ಕಂಟಕವಾದುದನ್ನು ಮುಂದೆ ಹೇಳುತ್ತೇವೆ. ಬಾಲ್ಯದಲ್ಲಿ ಸಿಡುಬು ತಗುಲಿ ಹುಡುಗನ ದೃಷ್ಟಿ ಮಂದವಾಯಿತು, ಕೈಗಳೂ ದುರ್ಬಲವಾದವು. ಆಕಾಶದ ಲೆಕ್ಕವನ್ನೆಲ್ಲ ತಿದ್ದಿದವನಿಗೆ ಆಕಾಶವನ್ನು ಸ್ಪಷ್ಟವಾಗಿ ನೋಡುವ ಕಣ್ಣೇ ಇರಲಿಲ್ಲವೆಂಬುದು ವಿಚಿತ್ರವಾದರೂ ಸತ್ಯ. 1577ರಲ್ಲಿ ದೊಡ್ಡದೊಂದು ಧೂಮಕೇತು ಕಾಣಿಸಿಕೊಂಡಾಗ ತಾಯಿಯು ಮಗನನ್ನು ಎತ್ತರದ ಸ್ಥಳಕ್ಕೆ ಕರೆದೊಯ್ದು ತೋರಿಸಿದಳು. 1580ರಲ್ಲಿ ತಂದೆಯು ಮನೆಯಿಂದ ಹೊರಗೆ ಕರೆದು ಚಂದ್ರಗ್ರಹಣವನ್ನು ತೋರಿಸಿದನು. ಈ ಎರಡನ್ನೂ ಕೆಪ್ಲರನು ಕೊನೆಯವರೆಗೂ ನೆನಪಿನಲ್ಲಿಟ್ಟುಕೊಂಡಿದ್ದನು.

ಬುದ್ಧಿವಂತರಾದ ಬಡ ಬಾಲಕರಿಗೆ ವ್ಯೂರ್ಟೆಂಬರ್ಗ್ ಸಂಸ್ಥಾನದ ಪ್ರಭುಗಳು ವಿದ್ಯಾರ್ಥಿವೇತನ ಕೊಟ್ಟು ಓದಿಸುತ್ತಿದ್ದರು. ಅದರ ನೆರವಿನಿಂದ ಕೆಪ್ಲರನು ಮೌಲ್‌ಬ್ರಾನ್ನಿನ ಧಾರ್ಮಿಕ ಪಾಠಶಾಲೆಯಲ್ಲಿ ಓದಿ, 1589ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅವನ ಉದ್ದೇಶ ಲೂಥರನ ಮತದ ಪಾದ್ರಿಯಾಗುವುದು. ಗಣಿತದ ಅಧ್ಯಾಪಕನಾದ ಮಿಖಾಯೆಲ್ ಮ್ಯಾಸ್ಟ್ಲಿನ್ ಎಂಬವನು ಪ್ರಾಚೀನ ಟಾಲೆಮಿಯ ಭೂಕೇಂದ್ರ ಮತದೊಡನೆ, 1543ರಲ್ಲಿ ಪ್ರಕಟವಾಗಿದ್ದ ಕೊಪರ್ನಿಕಸನ ಸೂರ್ಯಕೇಂದ್ರ ಮತವನ್ನೂ ಆಯ್ದ ಶಿಷ್ಯರಿಗೆ ತಿಳಿಸಿಕೊಡುತ್ತಿದ್ದನು. ಶಿಷ್ಯನು ಅದನ್ನು ಸಂಪೂರ್ಣವಾಗಿ ಒಪ್ಪಿಕೊಂಡನು. ಸೂರ್ಯನು ಮಧ್ಯದಲ್ಲಿರುವುದು ಲೆಕ್ಕದ ಅನುಕೂಲಕ್ಕಾಗಿ ಮಾತ್ರವಲ್ಲ, ವಸ್ತುಸ್ಥಿತಿಯೇ ಹಾಗೆ ಎಂಬುದು ಅವನ ದೃಢ ನಂಬಿಕೆ. ಪಾದ್ರಿಯಾಗುವ ಮುನ್ನವೇ 1594ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದ ಪ್ರಾಟೆಸ್ಟಂಟ್ ಶಾಲೆಗೆ ಗಣಿತದ ಉಪಾಧ್ಯಾಯನಾಗಿ ಹೋಗಬೇಕೆಂದು ಹಿರಿಯರ ಅಪ್ಪಣೆಯಾಯಿತು. ಮೊದಲ ವರ್ಷ ಅವನ ತರಗತಿಗೆ ಬಂದವರು ಬೆರಳೆಣಿಕೆಯ ವಿದ್ಯಾರ್ಥಿಗಳು. ಎರಡನೆಯ ವರ್ಷ ಒಬ್ಬನೂ ಬರಲಿಲ್ಲ.

ಆ ಹುದ್ದೆಗೆ ಸೇರಿದ ಇನ್ನೊಂದು ಕರ್ತವ್ಯವೆಂದರೆ ಪ್ರತಿವರ್ಷವೂ ಪ್ರಾಂತದ ಪಂಚಾಂಗವನ್ನು ಸಿದ್ಧಪಡಿಸುವುದು. ತಿಥಿವಾರಗಳಂತಹ ಕಾಲಗಣನೆಯೊಡನೆ ಮಳೆ ಬೆಳೆ ಯುದ್ಧ ರೋಗಗಳ ಫಲವನ್ನೂ ಅದರಲ್ಲಿ ಬರೆಯಬೇಕಾಗಿತ್ತು. ಯುಗಾದಿಯಂದು ದೇವಸ್ಥಾನದಲ್ಲಿ ಕುಳಿತು ಪಂಚಾಂಗಶ್ರವಣ ಮಾಡುವ ನಮಗೆ ಇದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. 1595ರ ಪಂಚಾಂಗದಲ್ಲಿ ಕೆಪ್ಲರನು ಘೋರವಾದ ಚಳಿಯನ್ನೂ ತುರ್ಕರ ದಾಳಿಯನ್ನೂ ಸೂಚಿಸಿದ್ದನು. ಎರಡೂ ನಡೆದವು, ಅವನಿಗೆ ಹೆಸರು ಬಂದಿತು. ಆದರೆ ಈ ಹೆಸರಿನಿಂದ ಅವನು ಹಿಗ್ಗಲಿಲ್ಲ. ರಾಶಿಚಕ್ರದ ವಿಭಾಗಗಳೂ ದ್ವಾದಶ ಭಾವಗಳೂ ಮನುಷ್ಯರು ಮಾಡಿಕೊಂಡ ವಿಂಗಡಣೆಗಳೆಂದೂ, ಗ್ರಹಗಳು ಪರಸ್ಪರ ನಿರ್ದಿಷ್ಟ ಕೋನಗಳಲ್ಲಿ ನಿಂತಾಗ ಉಂಟಾಗುವ ದೃಷ್ಟಿಗೆ ಮಾತ್ರ ಭೂಮಿಯ ಮೇಲೆ ಏನೋ ಪ್ರಭಾವವಿರಬಹುದೆಂದೂ ಅವನ ಅಭಿಪ್ರಾಯವಾಗಿತ್ತು. ಸಂಬಳ ಬಾರದ ದಿನಗಳಲ್ಲಿ ಜಾತಕ ಬರೆದು ಜೀವನ ಸಾಗಿಸಿದವನೂ ಅವನೇ. ಇದನ್ನು ಅವನು ಮುಚ್ಚಿಡಲಿಲ್ಲ.

1595ರ ಜುಲೈ 19ರಂದು ಪಾಠ ಹೇಳುತ್ತ ಹಲಗೆಯ ಮೇಲೆ ಗುರುಶನಿಗಳ ಯುತಿಯ ಚಿತ್ರವನ್ನು ಬರೆಯುತ್ತಿದ್ದಾಗ ಅವನಿಗೆ ಒಂದು ಆಲೋಚನೆ ಹೊಳೆಯಿತು. ಆ ಕಾಲದಲ್ಲಿ ತಿಳಿದಿದ್ದ ಗ್ರಹಗಳು ಭೂಮಿಯೂ ಸೇರಿ ಆರು. ಅವುಗಳ ನಡುವಣ ಅಂತರಗಳು ಐದು. ಎಲ್ಲ ಮುಖಗಳೂ ಸಮನಾಗಿರುವ ಘನಾಕೃತಿಗಳು ರೇಖಾಗಣಿತದ ಪ್ರಕಾರ ಇರುವುದೂ ಐದೇ. ಅವುಗಳ ಮುಖಗಳ ಸಂಖ್ಯೆ ನಾಲ್ಕು, ಆರು, ಎಂಟು, ಹನ್ನೆರಡು ಮತ್ತು ಇಪ್ಪತ್ತು. ಆರನೆಯದು ಇರಲಾರದೆಂದು ಗ್ರೀಕ್ ದೇಶದ ಪ್ರಾಚೀನರು ಸಾಧಿಸಿದ್ದರು. ಶನಿಯ ಗೋಲದೊಳಗೆ ಆರು ಮುಖದ ಘನವನ್ನೂ, ಅದರೊಳಗೆ ಗುರುವಿನ ಗೋಲವನ್ನೂ, ಅದರೊಳಗೆ ನಾಲ್ಕು ಮುಖದ ಘನವನ್ನೂ, ಅದರೊಳಗೆ ಕುಜನ ಗೋಲವನ್ನೂ ಹೀಗೆ ಒಂದರೊಳಗೊಂದನ್ನು ಅಡಕಗೊಳಿಸುತ್ತ ಹೋದರೆ ಗ್ರಹಗಳ ಅಂತರವೆಲ್ಲವೂ ಹೆಚ್ಚುಕಡಿಮೆ ಸರಿಹೊಂದುತ್ತಿತ್ತು. ಗ್ರಹಗಳು ಆರೇ ಏಕೆ ಎಂಬ ಪ್ರಶ್ನೆಗೆ ಸೃಷ್ಟಿಕರ್ತನ ಮನಸ್ಸಿನಲ್ಲಿದ್ದ ಉತ್ತರವೇ ತನಗೆ ಕಂಡಿತೆಂದು ಇಪ್ಪತ್ತಮೂರು ವರ್ಷದ ಆ ಯುವಕನು ಆನಂದಾಶ್ರುಗಳನ್ನು ಸುರಿಸಿದನು. ವಿಶ್ವರಚನೆಯ ರಹಸ್ಯ ಎಂಬರ್ಥದ ಹೆಸರಿಟ್ಟು 1596ರಲ್ಲಿ ಇದನ್ನು ಗ್ರಂಥರೂಪವಾಗಿ ಮುದ್ರಿಸಿದನು.

ಈ ಸಿದ್ಧಾಂತವು ನಿಲ್ಲುವಂಥದಲ್ಲ. 1781ರಲ್ಲಿ ಯುರೇನಸ್, 1846ರಲ್ಲಿ ನೆಪ್ಚೂನ್ ಗ್ರಹಗಳು ಪತ್ತೆಯಾದ ಮೇಲೆ ಆರೆಂಬ ಸಂಖ್ಯೆಯೇ ಉಳಿಯಲಿಲ್ಲ. ಆದರೆ ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು ಬೇರೆ. ಅಂತರಗಳು ಹೆಚ್ಚುಕಡಿಮೆ ಸರಿಹೊಂದಿದವು ಎಂದೆವಲ್ಲ, ಆ ಹೆಚ್ಚುಕಡಿಮೆಯೇ ಕೆಪ್ಲರನನ್ನು ಕಾಡತೊಡಗಿತು. ಕೊಪರ್ನಿಕಸನ ಅಂಕೆಗಳು ತಪ್ಪೋ, ತನ್ನ ಸಿದ್ಧಾಂತವು ತಪ್ಪೋ ಎಂದು ನಿರ್ಣಯಿಸಲು ಉತ್ತಮವಾದ ವೀಕ್ಷಣೆಗಳು ಬೇಕಾಗಿದ್ದವು. ಅಂಥವು ಭೂಮಿಯ ಮೇಲೆ ಒಬ್ಬನಲ್ಲಿ ಮಾತ್ರವಿದ್ದವು.

ಅವನೇ ಡೆನ್ಮಾರ್ಕಿನ ಶ್ರೀಮಂತನಾದ ಟೈಕೋ ಬ್ರಾಹೆ. ದೂರದರ್ಶಕವು ಇನ್ನೂ ಹುಟ್ಟದ ಆ ಕಾಲದಲ್ಲಿ ಹ್ವೆನ್ ಎಂಬ ದ್ವೀಪದಲ್ಲಿ ವೇಧಶಾಲೆಯನ್ನು ಕಟ್ಟಿಸಿ, ಭಾರೀ ಯಂತ್ರಗಳ ನೆರವಿನಿಂದ ಇಪ್ಪತ್ತು ವರ್ಷ ಬರಿಗಣ್ಣಿನಿಂದಲೇ ಗ್ರಹನಕ್ಷತ್ರಗಳ ಸ್ಥಾನವನ್ನು ಅಳೆದಿದ್ದನು. ಒಂದು ಅಂಶಕ್ಕೆ ಅರವತ್ತು ಕಲೆಗಳಷ್ಟೆ. ಹಿಂದಿನವರ ಅಳತೆಯಲ್ಲಿ ಹತ್ತು ಕಲೆಗಳಷ್ಟು ತಪ್ಪನ್ನು ಸಾಮಾನ್ಯವೆಂದು ಎಣಿಸುತ್ತಿದ್ದರು. ಟೈಕೋನ ಅಳತೆಗಳಾದರೋ ಒಂದೆರಡು ಕಲೆಗಳ ಮಟ್ಟಿಗೆ ನಂಬಲರ್ಹವಾದವು. ಸ್ವದೇಶದ ಅರಸನೊಡನೆ ವಿರಸವುಂಟಾಗಿ ಅವನು ಪ್ರಾಗ್ ನಗರಕ್ಕೆ, ಚಕ್ರವರ್ತಿ ಎರಡನೆಯ ರುಡಾಲ್ಫನ ಆಶ್ರಯಕ್ಕೆ ಬಂದಿದ್ದನು. ಇತ್ತ ಗ್ರಾಟ್ಸಿನಲ್ಲಿ ಕ್ಯಾಥೊಲಿಕ್ ಮತದವನಾದ ರಾಜಕುಮಾರನು ಪ್ರಾಟೆಸ್ಟಂಟ್ ಉಪಾಧ್ಯಾಯರನ್ನು ಊರು ಬಿಡಿಸುತ್ತಿದ್ದನು. ಮತಾಂತರಕ್ಕೆ ಒಪ್ಪದ ಕೆಪ್ಲರನು 1600ರಲ್ಲಿ ಹೆಂಡತಿ ಬಾರ್ಬರಾ ಮತ್ತು ಮಲಮಗಳೊಡನೆ ಅಲ್ಲಿಂದ ಹೊರಬಿದ್ದನು. ಅವರಿಗೆ ಹುಟ್ಟಿದ್ದ ಎರಡು ಕೂಸುಗಳು ಆ ಮೊದಲೇ ತೀರಿಕೊಂಡಿದ್ದವು.

ಟೈಕೋನಿಗೂ ಕೆಪ್ಲರನಿಗೂ ಹೊಂದಿಕೆಯಾಗುವುದು ಕಷ್ಟವಾಗಿತ್ತು. ಒಬ್ಬನು ತನ್ನ ಆಯುಷ್ಯದ ಸಂಪಾದನೆಯನ್ನು ಇನ್ನೊಬ್ಬನ ಕೈಗೆ ಸುಲಭವಾಗಿ ಕೊಡಲೊಲ್ಲನು. ಇನ್ನೊಬ್ಬನು ಊಟದ ವೇಳೆಯಲ್ಲಿ ಮಾತಿನ ನಡುವೆ ಉದುರುವ ಒಂದೆರಡು ಅಂಕೆಗಳಿಂದ ತೃಪ್ತನಾಗಲೊಲ್ಲನು. ಕಡೆಗೆ ಕುಜಗ್ರಹದ ಲೆಕ್ಕವನ್ನು ಮಾತ್ರ ಅವನಿಗೆ ವಹಿಸಲಾಯಿತು. 1601ರ ಅಕ್ಟೋಬರಿನಲ್ಲಿ ಟೈಕೋ ಮೃತನಾದನು. ಕೆಪ್ಲರನು ಚಕ್ರವರ್ತಿಯ ಆಸ್ಥಾನಗಣಿತಜ್ಞನಾದನು.

ಗ್ರಹಗಳಲ್ಲೆಲ್ಲ ಕುಜನ ಗತಿಯೇ ಲೆಕ್ಕಕ್ಕೆ ಒಗ್ಗದುದೆಂದು ಪ್ರಸಿದ್ಧ. ಎಂಟು ದಿನಗಳಲ್ಲಿ ಇದನ್ನು ಬಿಡಿಸುವೆನೆಂದು ಕೆಪ್ಲರನು ಪಣ ತೊಟ್ಟನಂತೆ. ಹಿಡಿದದ್ದು ಐದು ವರ್ಷಕ್ಕಿಂತ ಹೆಚ್ಚು. ಮೊದಲು ಅವನು ಪೂರ್ವಿಕರಂತೆಯೇ ವೃತ್ತವನ್ನು ಹಿಡಿದು ಹೊರಟನು. ಆಕಾಶದಲ್ಲಿ ವೃತ್ತವಲ್ಲದೆ ಬೇರೆ ಗತಿಯಿಲ್ಲವೆಂಬುದು ಗ್ರೀಕ್ ದಾರ್ಶನಿಕರ ಕಾಲದಿಂದ ಬಂದ ಶ್ರದ್ಧೆ. ಸೂರ್ಯನನ್ನು ಮಧ್ಯಕ್ಕೆ ತಂದ ಕೊಪರ್ನಿಕಸನೂ ಅದನ್ನು ಬಿಟ್ಟಿರಲಿಲ್ಲ. ನಮ್ಮ ಸಿದ್ಧಾಂತಿಗಳೂ ಮಂದಪರಿಧಿ ಶೀಘ್ರಪರಿಧಿಗಳೆಂಬ ವೃತ್ತಗಳಿಂದಲೇ ಗ್ರಹಸ್ಫುಟವನ್ನು ಸಾಧಿಸಿದವರು. ಆ ಪದ್ಧತಿಯಲ್ಲಿ ಒಮ್ಮೆಯಾದರೂ ಗ್ರಹಸ್ಫುಟವನ್ನು ಕೈಯಿಂದ ಮಾಡಿದವರಿಗೆ, ಮುಂದೆ ಹೇಳುವ ಶ್ರಮವು ಎಂಥದೆಂದು ಅಂದಾಜಾಗುವುದು. ಕೆಪ್ಲರನು ಒಂದೇ ಲೆಕ್ಕವನ್ನು ಎಪ್ಪತ್ತು ಸಲ ಮಾಡಿದನು. ಕೊನೆಗೆ ದೊರೆತ ವೃತ್ತವು ಕುಜನ ರಾಶಿಸ್ಥಾನಗಳನ್ನು ಎರಡು ಕಲೆಗಳೊಳಗೆ ಸರಿಯಾಗಿ ತೋರಿಸಿತು. ಬೇರೆಯವನಾಗಿದ್ದರೆ ಅಲ್ಲಿಗೆ ಲೇಖನಿಯನ್ನು ಕೆಳಗಿಡುತ್ತಿದ್ದನು.

ಇವನು ಅದೇ ವೃತ್ತವನ್ನು ಇನ್ನೊಂದು ಬಗೆಯಿಂದ ಪರೀಕ್ಷಿಸಿದನು. ಕುಜನು ಕ್ರಾಂತಿವೃತ್ತದಿಂದ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುವ ಪ್ರಮಾಣವಾದ ಶರವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ವೃತ್ತದ ಕೇಂದ್ರವನ್ನು ಬೇರೆ ಕಡೆ ಇಡಬೇಕಾಯಿತು. ಹಾಗೆ ಇಟ್ಟರೆ ಕೆಲವು ಸ್ಥಾನಗಳಲ್ಲಿ ಎಂಟು ಕಲೆಗಳ ವ್ಯತ್ಯಾಸ ಬಂದಿತು. ಎಂಟು ಕಲೆ ಎಂದರೆ ಪೂರ್ಣಚಂದ್ರನ ಬಿಂಬದ ಅಗಲದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು. ಕೊಪರ್ನಿಕಸನಾಗಲಿ ಟಾಲೆಮಿಯಾಗಲಿ ಇಷ್ಟು ಅಲ್ಪವಾದುದನ್ನು ಗಮನಕ್ಕೇ ತರುತ್ತಿರಲಿಲ್ಲ. ವೀಕ್ಷಣೆಯ ದೋಷವೆಂದು ಬಿಡುತ್ತಿದ್ದರು. ಕೆಪ್ಲರನಿಗೆ ಅದು ಸಾಧ್ಯವಾಗಲಿಲ್ಲ. ಟೈಕೋನ ವೀಕ್ಷಣೆಯಲ್ಲಿ ಎಂಟು ಕಲೆಗಳ ತಪ್ಪು ಬರಲಾರದೆಂಬುದು ಅವನಿಗೆ ನಿಶ್ಚಯವಾಗಿ ತಿಳಿದಿತ್ತು. ಇಂಥ ವೀಕ್ಷಕನು ದೊರೆತದ್ದು ದೈವಾನುಗ್ರಹವೆಂದೂ, ಅದನ್ನು ಅಲಕ್ಷಿಸುವುದು ಕೃತಘ್ನತೆಯೆಂದೂ ಭಾವಿಸಿ, ವರ್ಷಗಟ್ಟಲೆ ಕಟ್ಟಿದ ಲೆಕ್ಕವನ್ನು ತಾನೇ ಕೆಡವಿಹಾಕಿದನು. ಆ ಎಂಟು ಕಲೆಗಳಿಂದಲೇ ಜ್ಯೋತಿಶ್ಶಾಸ್ತ್ರದ ಸಮಗ್ರ ಸುಧಾರಣೆಗೆ ದಾರಿ ತೆರೆಯಿತೆಂದು ಅವನು ಮುಂದೆ ಬರೆದಿಟ್ಟನು.

ಕುಜನನ್ನು ಬಿಟ್ಟು ಅವನು ಮೊದಲು ಭೂಮಿಯ ಕಕ್ಷೆಯನ್ನೇ ಶೋಧಿಸಿದನು. ನಾವು ನಿಂತ ನೆಲವೇ ಚಲಿಸುತ್ತಿರುವಾಗ ಅದರ ಚಲನೆಯನ್ನು ಸರಿಯಾಗಿ ಅರಿಯದೆ ಹೊರಗಿನದನ್ನು ಅಳೆಯುವುದು ಹೇಗೆ? ಇದಕ್ಕೆ ಅವನು ಹೂಡಿದ ಉಪಾಯವು ಅತ್ಯಂತ ಚಮತ್ಕಾರವಾದುದು. ಕುಜನು 687 ದಿನಗಳಿಗೊಮ್ಮೆ ತನ್ನ ಕಕ್ಷೆಯಲ್ಲಿ ಮೊದಲಿನ ಸ್ಥಳಕ್ಕೇ ಬರುತ್ತಾನೆ. ಭೂಮಿಯು ಆ ಹೊತ್ತಿಗೆ ಬೇರೆ ಸ್ಥಳದಲ್ಲಿರುತ್ತದೆ. ಟೈಕೋನ ದಫ್ತರಗಳಿಂದ 687 ದಿನಗಳ ಅಂತರವಿರುವ ವೀಕ್ಷಣೆಗಳನ್ನು ಹೆಕ್ಕಿದರೆ, ಕುಜನು ಕದಲದೆ ನಿಂತ ದೀಪಸ್ತಂಭದಂತಾಗಿ, ಅದರಿಂದ ಭೂಮಿಯ ಒಂದೊಂದು ಸ್ಥಾನವನ್ನೂ ಗುರುತಿಸಬಹುದು. ಹೀಗೆ ಮಾಡಿದಾಗ, ಭೂಮಿಯೂ ಇತರ ಗ್ರಹಗಳಂತೆ ಸೂರ್ಯನ ಸಮೀಪದಲ್ಲಿ ವೇಗವಾಗಿಯೂ ದೂರದಲ್ಲಿ ನಿಧಾನವಾಗಿಯೂ ನಡೆಯುವುದೆಂದು ತಿಳಿಯಿತು. ಸೂರ್ಯನಿಂದ ಗ್ರಹಕ್ಕೆ ಎಳೆದ ಗೆರೆಯು ಸಮಾನ ಕಾಲದಲ್ಲಿ ಸಮಾನ ಕ್ಷೇತ್ರಫಲವನ್ನು ಕ್ರಮಿಸುತ್ತದೆಂಬ ನಿಯಮವು ದೊರೆತದ್ದು ಈ ಹಾದಿಯಲ್ಲಿ. ಪುಸ್ತಕಗಳಲ್ಲಿ ಎರಡನೆಯದೆಂದು ಹೇಳುವ ನಿಯಮವು ಮೊದಲು ದೊರೆತದ್ದೆಂಬುದನ್ನು ವಾಚಕರು ಗಮನಿಸಬೇಕು.

ತರುವಾಯ ಮತ್ತೆ ಕುಜನ ಕಕ್ಷೆಗೆ ಬಂದನು. ಅದು ವೃತ್ತವಲ್ಲ, ಎರಡು ಪಕ್ಕಗಳಲ್ಲಿ ಒಳಕ್ಕೆ ಬಾಗಿದ ಆಕೃತಿ ಎಂಬುದು ಸ್ಪಷ್ಟವಾಯಿತು. ಮೊಟ್ಟೆಯ ಆಕಾರವಿರಬಹುದೆಂದು ಒಂದು ವರ್ಷ ತೊಳಲಿದನು. ಅರ್ಧವ್ಯಾಸವು 100,000 ಭಾಗವಿರುವ ವೃತ್ತದಿಂದ ಆ ಕಕ್ಷೆಯು ಪಕ್ಕದಲ್ಲಿ 429 ಭಾಗ ಒಳಗಿದೆಯೆಂದು ಲೆಕ್ಕವು ತೋರಿಸಿತು. ಅಷ್ಟರಲ್ಲಿ ಬೇರೊಂದು ಕೋನದ ಕೋಷ್ಟಕವನ್ನು ನೋಡುತ್ತಿದ್ದಾಗ 100,429 ಎಂಬ ಸಂಖ್ಯೆಯು ಕಣ್ಣಿಗೆ ಬಿದ್ದಿತು. ನಿದ್ರೆಯಿಂದ ಎಚ್ಚೆತ್ತವನಂತೆ ಆಯಿತಂತೆ ಅವನಿಗೆ. ಆದರೂ ಅದರ ಅರ್ಥವನ್ನು ತಿಳಿಯಲು ಇನ್ನೂ ಕೆಲವು ಕಾಲ ಹಿಡಿಯಿತು. 1605ರ ವಸಂತದ ವೇಳೆಗೆ, ಗ್ರಹವು ದೀರ್ಘವೃತ್ತದಲ್ಲಿ ಸಂಚರಿಸುತ್ತದೆ, ಅದರ ಎರಡು ನಾಭಿಗಳಲ್ಲೊಂದರಲ್ಲಿ ಸೂರ್ಯನಿರುತ್ತಾನೆ ಎಂಬ ನಿಯಮವು ಸಿದ್ಧವಾಯಿತು. ಸಾವಿರಕ್ಕೆ ನಾಲ್ಕರಷ್ಟು ಮಾತ್ರ ಚಪ್ಪಟೆಯಾದ ಈ ಆಕೃತಿಯನ್ನು ಕಾಗದದ ಮೇಲೆ ಬರೆದರೆ ವೃತ್ತವಲ್ಲವೆಂದು ಕಣ್ಣಿಗೆ ತಿಳಿಯುವುದೂ ಇಲ್ಲ. ಟೈಕೋನ ವಾರಸುದಾರರು ಎಬ್ಬಿಸಿದ ತಕರಾರಿನಿಂದ ಮುದ್ರಣವು ತಡವಾಗಿ, ನೂತನ ಜ್ಯೋತಿಶ್ಶಾಸ್ತ್ರವೆಂಬ ಈ ಮಹಾಗ್ರಂಥವು 1609ರಲ್ಲಿ ಹೊರಬಂದಿತು.

ಗ್ರಹವನ್ನು ನಡೆಸುವುದು ಯಾವುದು ಎಂಬ ಪ್ರಶ್ನೆಯನ್ನೂ ಕೆಪ್ಲರನು ಬಿಡಲಿಲ್ಲ. ಮೊದಲ ಗ್ರಂಥದಲ್ಲಿ, ಸೂರ್ಯನಲ್ಲಿ ಚಾಲಕವಾದ ಒಂದು ಆತ್ಮವಿದೆಯೆಂದು ಬರೆದಿದ್ದನು. ದೂರ ಹೆಚ್ಚಿದಂತೆ ಗತಿಯು ಕುಗ್ಗುವುದನ್ನು ಕಂಡ ಮೇಲೆ, ಬೆಳಕಿನಂತೆ ಹೊರಗೆ ಹರಡುತ್ತ ಕ್ಷೀಣಿಸುವ ಯಾವುದೋ ಭೌತಿಕ ಶಕ್ತಿಯಿರಬೇಕೆಂದು ತೋರಿತು. 1621ರಲ್ಲಿ ಆ ಹಳೆಯ ಗ್ರಂಥವನ್ನು ಪುನರ್ಮುದ್ರಿಸುವಾಗ, ಆತ್ಮವೆಂಬ ಪದವಿದ್ದ ಕಡೆ ಶಕ್ತಿ ಎಂದು ಓದಿಕೊಳ್ಳಬೇಕೆಂದು ತಾನೇ ಟಿಪ್ಪಣಿ ಬರೆದನು. ಆ ಶಕ್ತಿಯು ಅಯಸ್ಕಾಂತದಂಥದೆಂದು ಅವನು ಊಹಿಸಿದ್ದು ಸರಿಯಲ್ಲ. ಸರಿಯಾದ ಉತ್ತರವು 1687ರಲ್ಲಿ ನ್ಯೂಟನ್ನನಿಂದ ಬರಬೇಕಾಯಿತು. ಐದು ಘನಾಕೃತಿಗಳ ಕನಸನ್ನು ಮಾತ್ರ ಆ ಪುನರ್ಮುದ್ರಣದಲ್ಲಿಯೂ ಅವನು ಬಿಟ್ಟುಕೊಡಲಿಲ್ಲ. ವೃತ್ತವನ್ನು ಎಂಟು ಕಲೆಗಳಿಗಾಗಿ ತ್ಯಜಿಸಿದವನೇ ಇದಕ್ಕೆ ಅಂಟಿಕೊಂಡದ್ದನ್ನು ನೋಡಿದರೆ ನಮಗೆ ಆಶ್ಚರ್ಯವಾಗುತ್ತದೆ.

ಪ್ರಾಗಿನ ಹನ್ನೆರಡು ವರ್ಷಗಳಲ್ಲಿ ಅವನು ಮಾಡಿದ ಇತರ ಕಾರ್ಯಗಳೂ ಅಲ್ಪವಲ್ಲ. ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಹೊರಗಿನ ವಸ್ತುವಿನ ಬಿಂಬವು ತಲೆಕೆಳಗಾಗಿ ಬೀಳುತ್ತದೆಂದು 1604ರಲ್ಲಿ ಸರಿಯಾಗಿ ವಿವರಿಸಿದನು. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಿಂದ ಗುರುಗ್ರಹದ ಉಪಗ್ರಹಗಳನ್ನು ಕಂಡಾಗ, ಬಹುಮಂದಿ ಸಂದೇಹಪಡುತ್ತಿರುವಲ್ಲಿ ಇವನು ಕೂಡಲೇ ಅವನನ್ನು ಬೆಂಬಲಿಸಿ ಬರೆದನು. ಆದರೆ 1611ನೆಯ ವರ್ಷವು ಅವನ ಪಾಲಿಗೆ ಅತ್ಯಂತ ದಾರುಣವಾಯಿತು. ಆರು ವರ್ಷದ ಮಗ ಫ್ರೀಡ್ರಿಖ್ ಸಿಡುಬಿನಿಂದ ಸತ್ತನು. ಅದೇ ವರ್ಷ ಹೆಂಡತಿಯೂ ಸತ್ತಳು. ಆಶ್ರಯದಾತನಾದ ರುಡಾಲ್ಫನು ಬೊಹೀಮಿಯದ ಸಿಂಹಾಸನವನ್ನು ಕಳೆದುಕೊಂಡನು. ಮರುವರ್ಷ ಕೆಪ್ಲರನು ಆಸ್ಟ್ರಿಯದ ಲಿಂಟ್ಸ್ ಪಟ್ಟಣಕ್ಕೆ ಹೋಗಿ ನೆಲಸಿದನು.

ಲಿಂಟ್ಸಿನಲ್ಲಿ ಅವನ ಸ್ವಮತದ ಪಾದ್ರಿಯೇ ಅವನನ್ನು ಪಂಕ್ತಿಯಿಂದ ಹೊರಗಿಟ್ಟನು. ಲೂಥರನ ಅನುಯಾಯಿಗಳೆಲ್ಲರೂ ಸಹಿ ಹಾಕಬೇಕಾಗಿದ್ದ ಮತಪತ್ರದಲ್ಲಿ, ಕ್ರಿಸ್ತನ ಶರೀರವು ಸರ್ವತ್ರ ವ್ಯಾಪಿಸಿದೆಯೆಂಬ ಒಂದು ಅಂಶವು ಅವನಿಗೆ ಸಮ್ಮತವಾಗಿರಲಿಲ್ಲ. ಮನಸ್ಸು ಒಪ್ಪದುದಕ್ಕೆ ಸಹಿ ಹಾಕಲಾರೆನೆಂದನು. ಚರ್ಚಿನ ಪವಿತ್ರ ಭೋಜನವು ಅವನಿಗೆ ನಿಷೇಧವಾಯಿತು. ಸ್ವದೇಶದ ಧರ್ಮಾಧಿಕಾರಿಗಳಿಗೆ ಮೊರೆಯಿಟ್ಟನು, ಅವರೂ ಕೈಬಿಟ್ಟರು. ಲೂಥರನ ಮತದವನೆಂದು ಒಂದು ನಾಡಿನಿಂದ ಹೊರಬಿದ್ದವನು ಲೂಥರನ ಮತದವನಲ್ಲವೆಂದು ಇನ್ನೊಂದೆಡೆ ಹೊರಗೆ ನಿಂತನು. ಕ್ಯಾಥೊಲಿಕ್ ಆಗಿದ್ದರೆ ಅವನಿಗೆ ಸ್ಥಾನಮಾನಗಳೆಲ್ಲವೂ ದೊರೆಯುತ್ತಿದ್ದವು. ಅದಕ್ಕೂ ಅವನು ಒಪ್ಪಲಿಲ್ಲ. ದೈವಭಕ್ತನಾದ ಒಬ್ಬ ಗೃಹಸ್ಥನಿಗೆ ಹೆಂಡತಿಮಕ್ಕಳ ಎದುರಿನಲ್ಲಿ ಇದೆಂಥ ಯಾತನೆಯಾಗಿರಬೇಕೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1613ರಲ್ಲಿ ಸುಸಾನಾ ಎಂಬಾಕೆಯನ್ನು ಅವನು ಮರುಮದುವೆಯಾಗಿದ್ದನು. ವಿವಾಹಕ್ಕೆಂದು ಕೊಂಡ ದ್ರಾಕ್ಷಾರಸದ ಪೀಪಾಯಿಗಳನ್ನು ವರ್ತಕನು ಒಂದು ಕೋಲು ತೂರಿಸಿ ಅಳೆದುದನ್ನು ಕಂಡು, ಅದು ಸರಿಯೇ ಎಂದು ವಿಚಾರಿಸುತ್ತ ಪೀಪಾಯಿಗಳ ಘನಫಲದ ಮೇಲೆ ಒಂದು ಗ್ರಂಥವನ್ನೇ ಬರೆದುಬಿಟ್ಟನು.

1615ರಲ್ಲಿ ತಾಯಿಯ ಮೇಲೆ ಅಪವಾದ ಬಂದಿತು. ಲೆಯೋನ್‌ಬೆರ್ಗ್ ಎಂಬ ಊರಿನಲ್ಲಿ ಒಂಟಿಯಾಗಿದ್ದ ಆ ವೃದ್ಧೆ ಕೊಟ್ಟ ಪಾನೀಯವನ್ನು ಕುಡಿದು ತನಗೆ ರೋಗ ಬಂದಿತೆಂದೂ, ಆಕೆ ಮಾಟಗಾತಿಯೆಂದೂ ನೆರೆಯ ಹೆಂಗಸೊಬ್ಬಳು ಆರೋಪಿಸಿದಳು. ಆ ಕಾಲದಲ್ಲಿ ಇಂಥ ಆರೋಪದ ಕೊನೆಯು ಬಹುಧಾ ಚಿತೆಯೇ. ಒಬ್ಬಳಿಂದ ಹೊರಟ ಮಾತು ಹತ್ತಾರು ಬಾಯಿಗಳಿಗೆ ಹರಡಿ, ಯಾರದೋ ಹಸು ಸತ್ತದ್ದು, ಯಾರದೋ ಕೈ ನೋವಾದದ್ದು ಎಲ್ಲವೂ ಆಕೆಯ ಮೇಲೆ ಬಂದಿತು. ವ್ಯಾಜ್ಯವು ವರ್ಷಗಟ್ಟಲೆ ಎಳೆಯಿತು.

ಈ ನಡುವೆ 1618ರ ಫೆಬ್ರುವರಿಯಲ್ಲಿ ಕೆಪ್ಲರನ ಪುಟ್ಟ ಮಗಳು, ಅಜ್ಜಿಯ ಹೆಸರನ್ನೇ ಇಟ್ಟಿದ್ದ ಕತಾರೀನಾ, ತೀರಿಕೊಂಡಳು. ಚಕ್ರವರ್ತಿಗೆ ಒಪ್ಪಿಸಬೇಕಾಗಿದ್ದ ಗ್ರಹಕೋಷ್ಟಕಗಳ ಕೆಲಸಕ್ಕೆ ಮನಸ್ಸಿನ ಶಾಂತಿ ಬೇಕಾಗಿದ್ದಿತು; ಅದು ಇಲ್ಲವಾದುದರಿಂದ ಅವನು ಅದನ್ನು ಬದಿಗಿರಿಸಿ, ಚಿಕ್ಕಂದಿನಿಂದ ಮನಸ್ಸಿನಲ್ಲಿದ್ದ ವಿಶ್ವದ ಸ್ವರಮೇಳವೆಂಬ ವಿಷಯಕ್ಕೆ ಕೈಹಾಕಿದನು. ಗ್ರಹವು ಸೂರ್ಯನಿಗೆ ಅತಿ ಸಮೀಪದಲ್ಲಿಯೂ ಅತಿ ದೂರದಲ್ಲಿಯೂ ಒಂದು ದಿನದಲ್ಲಿ ಕ್ರಮಿಸುವ ಕೋನಗಳ ಪ್ರಮಾಣವನ್ನು ತೆಗೆದರೆ ಸಂಗೀತದ ಸ್ವರಾಂತರಗಳು ದೊರೆಯುತ್ತವೆಂದು ಅವನು ತೋರಿಸಿದನು. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಕುಜನಿಗೆ ಷಡ್ಜಪಂಚಮ, ಶನಿಗೆ ಷಡ್ಜದಿಂದ ಅಂತರಗಾಂಧಾರ, ಭೂಮಿಗೆ ಷಡ್ಜದಿಂದ ಶುದ್ಧಋಷಭದಷ್ಟು. ಈ ನಾದವು ಕಿವಿಗೆ ಕೇಳುವಂಥದಲ್ಲ, ಬುದ್ಧಿಗೆ ಮಾತ್ರ ಗೋಚರವೆಂದು ಅವನೇ ಹೇಳಿದ್ದಾನೆ. ಇಂದಿನ ವಿಜ್ಞಾನಿಗಳು ಇದನ್ನು ಕವಿಕಲ್ಪನೆಯೆಂದು ಬಿಡುವರು, ಬಿಡಬಹುದು. ಆದರೆ ಆ ಕಲ್ಪನೆಯನ್ನು ಬೆನ್ನಟ್ಟುತ್ತಲೇ 1618ರ ಮಾರ್ಚ್ 8ರಂದು ಒಂದು ಸಂಬಂಧವು ಹೊಳೆದು, ಲೆಕ್ಕ ತಪ್ಪಿದುದರಿಂದ ಕೈಬಿಟ್ಟುಹೋಗಿ, ಮೇ 15ರಂದು ಮತ್ತೆ ಬಂದು ಸ್ಥಿರವಾಯಿತು. ಗ್ರಹದ ಪರಿಭ್ರಮಣ ಕಾಲದ ವರ್ಗವು ಸೂರ್ಯನಿಂದ ಅದರ ಸರಾಸರಿ ದೂರದ ಘನಕ್ಕೆ ಅನುಪಾತವಾಗಿರುತ್ತದೆಂಬ ಮೂರನೆಯ ನಿಯಮವೇ ಅದು.

ಗುರುವು ರಾಶಿಗೊಂದು ವರ್ಷದಂತೆ ಸುಮಾರು ಹನ್ನೆರಡು ವರ್ಷಕ್ಕೆ, ಶನಿಯು ರಾಶಿಗೆ ಎರಡೂವರೆ ವರ್ಷದಂತೆ ಸುಮಾರು ಮೂವತ್ತು ವರ್ಷಕ್ಕೆ ಒಂದು ಸುತ್ತು ಬರುವುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು; ಸಾಡೇಸಾತಿಯ ಏಳೂವರೆ ವರ್ಷದ ಲೆಕ್ಕವೂ ಅದರಿಂದಲೇ ಬಂದುದು. ಸೂಕ್ಷ್ಮವಾಗಿ ಗುರುವಿಗೆ 11.86 ವರ್ಷ, ಅದರ ವರ್ಗ 140.7. ಭೂಮಿಯ ದೂರವನ್ನು ಒಂದೆಂದು ಇಟ್ಟುಕೊಂಡರೆ ಗುರುವಿನ ದೂರ 5.2; ಅದರ ಘನ 140.6. ಶನಿಗೆ 29.46 ವರ್ಷ, ದೂರ 9.54, ವರ್ಗವೂ ಘನವೂ 868ರ ಆಸುಪಾಸು. ಮನೆಯಲ್ಲಿ ಕಾಗದ ಹಿಡಿದು ಪರೀಕ್ಷಿಸಬಹುದು. ಎರಡನೆಯ ಸಲ ಈ ನಿಯಮವು ಅವನಿಗೆ ದೊರೆತ ಎಂಟು ದಿನಕ್ಕೆ ಪ್ರಾಗ್ ನಗರದಲ್ಲಿ ಅಧಿಕಾರಿಗಳನ್ನು ಕಿಟಕಿಯಿಂದ ಹೊರಕ್ಕೆಸೆದ ಪ್ರಸಂಗವು ನಡೆದು, ಯೂರೋಪಿನ ಮೂವತ್ತು ವರ್ಷಗಳ ಯುದ್ಧವು ಆರಂಭವಾಯಿತು.

1620ರ ಆಗಸ್ಟಿನಲ್ಲಿ ಒಂದು ರಾತ್ರಿ, ಮಗಳ ಮನೆಯಲ್ಲಿ ಮಲಗಿದ್ದ ವೃದ್ಧ ತಾಯಿಯನ್ನು ಪೆಟ್ಟಿಗೆಯಲ್ಲಿ ಅಡಗಿಸಿ ಹೊತ್ತೊಯ್ದು ಸೆರೆಯಲ್ಲಿಟ್ಟರು. ಆಕೆಗೆ ಎಪ್ಪತ್ತು ದಾಟಿತ್ತು. ಸರಪಣಿಯಿಂದ ಬಿಗಿದು ಇಬ್ಬರು ಕಾವಲುಗಾರರನ್ನು ಇರಿಸಿ, ಅವರ ಖರ್ಚನ್ನೂ ಆಕೆಯ ಆಸ್ತಿಯಿಂದಲೇ ವಸೂಲು ಮಾಡಿದರು. ಅದೇ ಊರಿನಲ್ಲಿದ್ದ ಕಿರಿಯ ಮಗನು ತನ್ನ ಮಾನಕ್ಕೆ ಅಂಜಿ ವಿಚಾರಣೆಯನ್ನು ಬೇರೆ ಊರಿಗೆ ಸಾಗಿಸಬೇಕೆಂದು ಕೇಳಿಕೊಂಡನು. ಚಕ್ರವರ್ತಿಯ ಗಣಿತಜ್ಞನೆಂಬ ಬಿರುದು ಹೊತ್ತಿದ್ದ ಕೆಪ್ಲರನು ಮಾನಹಾನಿಯನ್ನು ಲೆಕ್ಕಿಸದೆ, ಯುದ್ಧಕಾಲದಲ್ಲಿ ಲಿಂಟ್ಸನ್ನು ಬಿಟ್ಟು ದೂರದ ಆ ಊರಿಗೆ ಬಂದು ನಿಂತನು. ಸಾಕ್ಷಿಗಳ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು, ದಿನವಾರಗಳನ್ನು ಹೋಲಿಸಿ, ಯಾವ ರೋಗಕ್ಕೆ ಯಾವ ಸಹಜ ಕಾರಣವಿತ್ತೆಂದು ವಿವರಿಸಿ, ನೂರಕ್ಕೂ ಹೆಚ್ಚು ಪುಟಗಳ ಪ್ರತಿವಾದವನ್ನು ಸಿದ್ಧಪಡಿಸಿದನು. ಕುಜನ ಲೆಕ್ಕದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ, ಹೊಂದದ ಒಂದು ಅಂಶವನ್ನೂ ಅವನು ದಾಟಿಹೋಗಲಿಲ್ಲ. ಚಂದ್ರಲೋಕದಿಂದ ಆಕಾಶವು ಹೇಗೆ ಕಾಣುವುದೆಂದು ವಿವರಿಸಲು ತಾನು ಹಿಂದೆ ಬರೆದ ಕಥೆಯೊಂದರಲ್ಲಿ, ಗಿಡಮೂಲಿಕೆ ಬಲ್ಲ ತಾಯಿಯೊಬ್ಬಳು ಭೂತವನ್ನು ಕರೆಯುವ ಪ್ರಸಂಗವಿದ್ದು, ಅದರ ಹಸ್ತಪ್ರತಿಯೇ ಈ ಅಪವಾದಕ್ಕೆ ಎಣ್ಣೆ ಹೊಯ್ದಿರಬಹುದೆಂಬ ಕೊರಗೂ ಅವನಿಗಿದ್ದಿತು.

1621ರ ಸೆಪ್ಟೆಂಬರಿನಲ್ಲಿ ನ್ಯಾಯಾಧಿಕಾರಿಗಳು ಆಕೆಯನ್ನು ಚಿತ್ರಹಿಂಸೆಯ ಕೊಠಡಿಗೆ ಕರೆದೊಯ್ದು, ಸಲಕರಣೆಗಳನ್ನು ತೋರಿಸಿ, ತಪ್ಪೊಪ್ಪಿಕೊಳ್ಳುವಂತೆ ಹೆದರಿಸಿದರು. ಒಂದೊಂದು ನರವನ್ನು ಕಿತ್ತರೂ ಒಪ್ಪಿಕೊಳ್ಳಲು ತನ್ನಲ್ಲಿ ಏನೂ ಇಲ್ಲವೆಂದು ಹೇಳಿ ಆಕೆ ಮೊಣಕಾಲೂರಿ ಪ್ರಾರ್ಥಿಸಿದಳು. ಹದಿನಾಲ್ಕು ತಿಂಗಳ ಸೆರೆವಾಸದ ಅನಂತರ ಆಕೆಯ ಬಿಡುಗಡೆಯಾಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ, 1622ರ ಏಪ್ರಿಲಿನಲ್ಲಿ ಆಕೆ ಮೃತಳಾದಳು.

ಇನ್ನು ಉಳಿದದ್ದು ಗ್ರಹಕೋಷ್ಟಕಗಳು. ಸ್ಕಾಟ್ಲೆಂಡಿನ ನೇಪಿಯರನು 1614ರಲ್ಲಿ ಪ್ರಕಟಿಸಿದ್ದ ಲಾಗರಿದಮ್ ಎಂಬ ಹೊಸ ಗಣಿತೋಪಾಯವನ್ನು ಕೆಪ್ಲರನು ಇದಕ್ಕೆ ಬಳಸಿಕೊಂಡನು. 1626ರಲ್ಲಿ ರೈತರ ದಂಗೆಯಿಂದ ಲಿಂಟ್ಸಿಗೆ ಮುತ್ತಿಗೆ ಬಿದ್ದು ಮುದ್ರಣಾಲಯವು ಸುಟ್ಟುಹೋಯಿತು. ಹಸ್ತಪ್ರತಿಯು ಹೇಗೋ ಉಳಿಯಿತು. ಅದನ್ನು ಹೊತ್ತು ಊಲ್ಮ್ ನಗರಕ್ಕೆ ಹೋಗಿ, ಬಹುಪಾಲು ಸ್ವಂತ ಹಣದಿಂದ ಕಾಗದ ಕೊಂಡು, 1627ರಲ್ಲಿ ಮುದ್ರಣವನ್ನು ಮುಗಿಸಿ ದಿವಂಗತ ರುಡಾಲ್ಫನ ಹೆಸರನ್ನು ಅದಕ್ಕಿಟ್ಟನು. ಮೂವರು ಚಕ್ರವರ್ತಿಗಳು ಅವನಿಗೆ ಕೊಡದೆ ಉಳಿಸಿದ ಸಂಬಳದ ಬಾಕಿಯು ಸುಮಾರು 12,000 ಫ್ಲೋರಿನ್ನುಗಳಷ್ಟಾಗಿತ್ತು. ಆ ಬಾಕಿಯನ್ನು ಕೇಳಲೆಂದೇ ಅವನು 1630ರ ನವೆಂಬರಿನಲ್ಲಿ ಬಡಕಲು ಕುದುರೆಯೊಂದನ್ನೇರಿ ರೇಗನ್ಸ್‌ಬುರ್ಗ್ ನಗರಕ್ಕೆ ಹೋದನು. ತಲುಪಿದ ಕೆಲವೇ ದಿನಗಳಲ್ಲಿ ಜ್ವರ ಹಿಡಿಯಿತು. ನವೆಂಬರ್ 15ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಮನೆಯವರು ಯಾರೂ ಬಳಿಯಿಲ್ಲದೆ ಅವನ ಪ್ರಾಣ ಹೋಯಿತು. ಊರ ಗೋಡೆಯ ಹೊರಗೆ ಅವನನ್ನು ಹೂಳಿದ ಸ್ಮಶಾನವು ಕೆಲವೇ ವರ್ಷಗಳಲ್ಲಿ ಯುದ್ಧದಿಂದ ಧ್ವಂಸವಾಗಿ, ಸಮಾಧಿಯ ಗುರುತೂ ಅಳಿಯಿತು.

ಸಾಯುವುದಕ್ಕೆ ಒಂದು ವರ್ಷ ಮೊದಲು ಅವನು ಜ್ಯೋತಿಷಿಗಳಿಗೆ ಒಂದು ಸೂಚನಾಪತ್ರವನ್ನು ಅಚ್ಚು ಹಾಕಿಸಿದ್ದನು. ತನ್ನ ಕೋಷ್ಟಕಗಳ ಪ್ರಕಾರ 1631ರ ನವೆಂಬರ್ 7ರಂದು ಬುಧಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋಗಬೇಕೆಂದು ಅದರಲ್ಲಿ ಬರೆದಿದ್ದನು. ಅದುವರೆಗೆ ಅಂಥದನ್ನು ನೋಡಿ ನಿಶ್ಚಯಿಸಿದವರು ಯಾರೂ ಇರಲಿಲ್ಲ. ಲೆಕ್ಕದಲ್ಲಿ ವ್ಯತ್ಯಾಸವಿದ್ದೀತೆಂದು ಶಂಕಿಸಿ, ಹಿಂದುಮುಂದಿನ ದಿನಗಳಲ್ಲಿಯೂ ಕಾದು ನೋಡಬೇಕೆಂದು ಸೂಚಿಸಿದ್ದನು. ಪ್ಯಾರಿಸ್ ನಗರದಲ್ಲಿ ಪಿಯರ್ ಗಸೆಂಡಿ ಎಂಬ ಪಾದ್ರಿಯು ಕತ್ತಲೆಯ ಕೋಣೆಯಲ್ಲಿ ಕುಳಿತು, ದೂರದರ್ಶಕದಿಂದ ಸೂರ್ಯಬಿಂಬವನ್ನು ಬಿಳಿಯ ಕಾಗದದ ಮೇಲೆ ಬೀಳಿಸಿಕೊಂಡು ಕಾಯುತ್ತಿದ್ದನು. ಮೋಡ ಮಳೆಗಳು ಕಾಡಿದವು. 7ರ ಬೆಳಿಗ್ಗೆ ಮೋಡ ಸರಿದಾಗ ಬಿಂಬದ ಮೇಲೆ ಸಣ್ಣದೊಂದು ಕಪ್ಪು ಚುಕ್ಕೆ ಕಂಡಿತು. ನಿರೀಕ್ಷಿಸಿದುದಕ್ಕಿಂತ ಅದು ಬಹು ಚಿಕ್ಕದಾಗಿದ್ದುದರಿಂದ ಸೂರ್ಯನ ಮೇಲಣ ಕಲೆಯೆಂದೇ ಅವನು ಮೊದಲು ತಿಳಿದನು. ಸ್ವಲ್ಪ ಹೊತ್ತಿನ ಅನಂತರ ಮತ್ತೆ ಅಳೆದು ನೋಡಲು, ಆ ಚುಕ್ಕೆಯು ಯಾವ ಸೂರ್ಯಕಲೆಯೂ ಸರಿಯಲಾರದಷ್ಟು ವೇಗದಿಂದ ಬಿಂಬದ ಅಂಚಿನ ಕಡೆಗೆ ಸರಿಯುತ್ತಿದ್ದಿತು.